ಅಪ್ರೆಂಟಿಸ್ ಅಂದರೆ ಯಾರು? ಸಹಿ ಹಾಕುವ ಮೊದಲು ಓದಬೇಕಾದ ಒಂದು ಪದ

ನಾನು ಐಟಿಐನಲ್ಲಿ ಫಿಟ್ಟರ್ ವಿಭಾಗದ ಹುಡುಗರಿಗೆ ಕಲಿಸುವವನು. ಫಲಿತಾಂಶ ಬಂದು ಕೆಲವು ತಿಂಗಳಾದ ಮೇಲೆ ಪ್ರತಿ ವರ್ಷವೂ ಯಾರಾದರೊಬ್ಬ ತಂದೆ ಸಿಹಿ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ಹೋದ ಸಲ ಬಂದವರು ರೈತರು. "ಮಗನಿಗೆ ರೈಲ್ವೆಲಿ ಕೆಲಸ ಆಯ್ತು ಸಾರ್" ಅಂದರು. ಮೊಬೈಲಿನಲ್ಲಿದ್ದ ಪತ್ರ ತೋರಿಸಿದರು. ಪತ್ರದ ತಲೆಬರಹದಲ್ಲಿ 'ಟ್ರೇಡ್ ಅಪ್ರೆಂಟಿಸ್' ಎಂದಿತ್ತು. "ಪರ್ಮನೆಂಟ್ ಯಾವಾಗ ಆಗತ್ತೆ?" ಎಂಬುದು ಅವರ ಮೊದಲ ಪ್ರಶ್ನೆ.

ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ, ಏಕೆಂದರೆ ಅವರ ಮಗನಿಗೆ ಸಿಕ್ಕಿದ್ದು ನೌಕರಿಯಲ್ಲ. ಹಾಗಂತ ಅದು ಏನೂ ಅಲ್ಲ ಎಂದೂ ಅಲ್ಲ. ರೈಲ್ವೆ, ಎಚ್‌ಎಎಲ್, ಸಾರಿಗೆ ನಿಗಮಗಳು ಮೊದಲಿನಿಂದಲೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಿವೆ. ಈಗ ಬ್ಯಾಂಕುಗಳೂ ಆ ಸಾಲಿಗೆ ಸೇರಿವೆ. ಕೆನರಾ ಬ್ಯಾಂಕ್ 2024ರಲ್ಲಿ 3,000 ಪದವೀಧರ ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಿತ್ತು. ಹೀಗಾಗಿ ಬಿ.ಎ., ಬಿ.ಕಾಂ. ಓದಿದವರ ಮನೆಗಳಲ್ಲೂ ಈ ಪದ ಓಡಾಡುತ್ತಿದೆ. ಅದರ ಅರ್ಥ ಗೊತ್ತಿಲ್ಲದೆ ಸಹಿ ಹಾಕಿ, ವರ್ಷದ ಕೊನೆಗೆ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ. ಅರ್ಥ ಗೊತ್ತಿಲ್ಲದೆ ಒಳ್ಳೆಯ ಅವಕಾಶವನ್ನು ಕೈಬಿಟ್ಟವರನ್ನೂ ಕಂಡಿದ್ದೇನೆ.

ಹಿಡಿಯುವುದರಿಂದ ಹುಟ್ಟಿದ ಪದ

ಇಂಗ್ಲಿಷಿಗೆ ಈ ಪದ ಹಳೆಯ ಫ್ರೆಂಚಿನಿಂದ ಬಂತು. ಫ್ರೆಂಚಿನಲ್ಲಿ 'ಅಪ್ರಾಂದ್ರ್' ಎಂದರೆ ಕಲಿಯುವುದು. ಅದರ ಹಿಂದಿರುವ ಲ್ಯಾಟಿನ್ ಕ್ರಿಯಾಪದ 'ಅಪ್ರೆಹೆಂಡೆರೆ', ಅಂದರೆ ಕೈಯಿಂದ ಗಟ್ಟಿಯಾಗಿ ಹಿಡಿಯುವುದು. ಕೈಯಲ್ಲಿ ಹಿಡಿದದ್ದು ಕ್ರಮೇಣ ಮನಸ್ಸಿನಲ್ಲಿ ಹಿಡಿದದ್ದಾಯಿತು, ಅದೇ ಕಲಿಕೆಯಾಯಿತು.

ಕನ್ನಡಿಗರಿಗೆ ಇದು ಹೊಸದೇನಲ್ಲ. ನಾವು 'ಗ್ರಹಿಸು' ಅನ್ನುತ್ತೇವಲ್ಲ, ಅದರ ಮೂಲದಲ್ಲೂ ಇರುವುದು ಹಿಡಿಯುವುದೇ. ಪಾಣಿಗ್ರಹಣದಲ್ಲಿ ಕೈ ಹಿಡಿಯುತ್ತೇವೆ, ಪಾಠದಲ್ಲಿ ವಿಷಯ ಹಿಡಿಯುತ್ತೇವೆ. ಇಂಗ್ಲಿಷಿನಲ್ಲಿ ಅದೇ ಲ್ಯಾಟಿನ್ ಬೇರಿನಿಂದ ಕಳ್ಳನನ್ನು ಹಿಡಿಯುವ 'ಅಪ್ರೆಹೆಂಡ್' ಬಂದಿದೆ, ಹಿಡಿದವನನ್ನು ಇಡುವ 'ಪ್ರಿಸನ್' ಬಂದಿದೆ, ಅರ್ಥ ಮಾಡಿಕೊಳ್ಳುವ 'ಕಾಂಪ್ರಹೆಂಡ್' ಕೂಡ ಬಂದಿದೆ.

ನನ್ನ ವರ್ಕ್‌ಶಾಪಿನಲ್ಲಿ ಈ ಮಾತು ದಿನವೂ ಕಣ್ಣಿಗೆ ಕಾಣುತ್ತದೆ. ಫಿಟ್ಟರ್ ಹುಡುಗನಿಗೆ ಮೊದಲು ಕೊಡುವ ಕೆಲಸ ಒಂದು ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ, ಅರದಿಂದ ಉಜ್ಜಿ, ಮಟ್ಟಸವಾದ ಚೌಕ ಮಾಡುವುದು. ಅರವನ್ನು ಹೇಗೆ ಹಿಡಿಯಬೇಕು ಎಂಬುದನ್ನು ಪುಸ್ತಕದಲ್ಲಿ ಒಂದು ಪುಟದಲ್ಲಿ ಬರೆದಿದ್ದಾರೆ. ಆ ಪುಟ ಬಾಯಿಪಾಠ ಬಂದ ಹುಡುಗನೂ ಮೊದಲ ವಾರ ತುಂಡಿನ ಅಂಚನ್ನು ದೋಣಿಯ ಹಾಗೆ ಬಾಗಿಸಿಬಿಡುತ್ತಾನೆ. ಉಜ್ಜಿದ ಮೇಲೆ ಟ್ರೈ ಸ್ಕ್ವೇರ್ ಎಂಬ ಮೂಲೆಮಟ್ಟವನ್ನು ಅದಕ್ಕೆ ಆನಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಬೇಕು. ತುಂಡಿಗೂ ಮಟ್ಟಕ್ಕೂ ನಡುವೆ ಬೆಳಕು ಸೋರಿದರೆ ಮೇಲ್ಮೈ ಇನ್ನೂ ಸಮ ಇಲ್ಲ ಎಂದರ್ಥ. ಮತ್ತೆ ಉಜ್ಜು, ಮತ್ತೆ ನೋಡು. ಕೈಗಳ ಒತ್ತಡ ಅರ ಮುಂದೆ ಹೋದಂತೆ ಒಂದರಿಂದ ಇನ್ನೊಂದಕ್ಕೆ ಹೇಗೆ ಜಾರಬೇಕು ಎಂಬುದು ಒಂದು ದಿನ ತಾನಾಗಿ ಕೈಗೆ ಹತ್ತುತ್ತದೆ. ಅದನ್ನು ಹೇಳಿಕೊಟ್ಟು ಕಲಿಸಲಾಗುವುದಿಲ್ಲ. ಬಲ್ಲವನ ಪಕ್ಕದಲ್ಲಿ ನಿಂತು ಮಾಡಿಯೇ ಕಲಿಯಬೇಕು. ಅಪ್ರೆಂಟಿಸ್ ಎಂಬ ಪದದ ಮೊದಲ ಅರ್ಧ ಇದು: ಬಲ್ಲವನ ಪಕ್ಕ ನಿಂತು, ನಿಜವಾದ ಕೆಲಸ ಮಾಡುತ್ತ, ಕಸುಬನ್ನು ಕೈಗೆ ಹತ್ತಿಸಿಕೊಳ್ಳುವವನು.

ಹಲ್ಲಿನ ಅಂಚಿನ ಕಾಗದ

ಪದದ ಇನ್ನರ್ಧ ಕಾಗದದಲ್ಲಿದೆ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗನೂ ಕೆಲಸ ಕಲಿಯುತ್ತಾನೆ, ಆದರೆ ಅವನನ್ನು ಅಪ್ರೆಂಟಿಸ್ ಎನ್ನುವುದಿಲ್ಲ. ಅಪ್ರೆಂಟಿಸ್ ಆಗಬೇಕಾದರೆ ಒಪ್ಪಂದ ಇರಬೇಕು. ಎಷ್ಟು ಕಾಲ, ಯಾವ ಕಸುಬು, ಕಲಿಸುವವನ ಹೊಣೆ ಏನು, ಕಲಿಯುವವನ ಹೊಣೆ ಏನು ಎಂಬುದು ಮೊದಲೇ ಗೊತ್ತಾಗಿರಬೇಕು.

ಇಂಗ್ಲೆಂಡಿನಲ್ಲಿ ಈ ಒಪ್ಪಂದಕ್ಕೆ 'ಇಂಡೆಂಚರ್' ಎನ್ನುತ್ತಿದ್ದರು. ಹೆಸರು ಬಂದ ಬಗೆ ಸೊಗಸಾಗಿದೆ. ಒಂದೇ ಹಾಳೆಯಲ್ಲಿ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ, ಗರಗಸದ ಹಲ್ಲಿನಂತೆ ಕತ್ತರಿಸುತ್ತಿದ್ದರು. ಒಂದು ತುಂಡು ಯಜಮಾನನಿಗೆ, ಇನ್ನೊಂದು ಹುಡುಗನ ಕಡೆಯವರಿಗೆ. ನಾಳೆ ತಕರಾರು ಬಂದರೆ ಎರಡೂ ತುಂಡುಗಳನ್ನು ಜೋಡಿಸಿ ನೋಡುವುದು. ಹಲ್ಲಿಗೆ ಹಲ್ಲು ಕೂಡಿದರೆ ಕಾಗದ ಅಸಲಿ, ಕೂಡದಿದ್ದರೆ ನಕಲಿ. ಲ್ಯಾಟಿನ್ನಿನಲ್ಲಿ ಹಲ್ಲಿಗೆ 'ಡೆನ್ಸ್' ಎನ್ನುತ್ತಾರೆ. ನಮ್ಮ 'ದಂತ'ಕ್ಕೆ ಅದು ದೂರದ ದಾಯಾದಿ.

1563ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿ, ಕಸುಬು ನಡೆಸಬೇಕಾದವನು ಕನಿಷ್ಠ 7 ವರ್ಷ ಅಪ್ರೆಂಟಿಸ್ ಆಗಿರಬೇಕು ಎಂದಿತು. ಈ ನಿಯಮ 1814ರವರೆಗೆ ಕಡತದಲ್ಲಿತ್ತು. ಆ ಕಾಲದ ಇಂಡೆಂಚರ್‌ಗಳಲ್ಲಿ ಹುಡುಗ ಜೂಜಾಡಕೂಡದು, ಹೆಂಡದಂಗಡಿ ಸುತ್ತಕೂಡದು, ಅವಧಿ ಮುಗಿಯುವವರೆಗೆ ಮದುವೆಯಾಗಕೂಡದು, ಯಜಮಾನನ ಗುಟ್ಟು ಹೊರಗೆ ಬಿಡಕೂಡದು ಎಂದೆಲ್ಲ ಬರೆದಿರುತ್ತಿತ್ತು. ಬದಲಿಗೆ ಯಜಮಾನ ಊಟ, ಬಟ್ಟೆ, ಸೂರು ಕೊಟ್ಟು ಕಸುಬು ಕಲಿಸಬೇಕು. ಸಂಬಳದ ಮಾತಿಲ್ಲ. ಎಷ್ಟೋ ಕಡೆ ಹುಡುಗನ ತಂದೆಯೇ ಯಜಮಾನನಿಗೆ 'ಪ್ರೀಮಿಯಂ' ಎಂಬ ಹಣ ಕಟ್ಟಬೇಕಿತ್ತು.

ಆ ಹಣ ಕಟ್ಟಲಾಗದ ಮನೆಯ ಹುಡುಗನೊಬ್ಬನ ಕತೆ ಇಲ್ಲಿ ಹೇಳಲೇಬೇಕು. ಕಮ್ಮಾರನ ಮಗ, 14 ವರ್ಷ. 1805ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ಲಾಂಡ್‌ಫೋರ್ಡ್ ಬೀದಿಯ ಪುಸ್ತಕ ರಟ್ಟು ಕಟ್ಟುವ ಜಾರ್ಜ್ ರೀಬೋ ಎಂಬಾತನ ಬಳಿ 7 ವರ್ಷಕ್ಕೆ ಅಪ್ರೆಂಟಿಸ್ ಆದ. ಅದಕ್ಕೂ ಮೊದಲು ಅದೇ ಅಂಗಡಿಯಲ್ಲಿ ಪತ್ರಿಕೆ ತಲುಪಿಸುವ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದರಿಂದ ಪ್ರೀಮಿಯಂ ಬೇಡ ಎಂದು ರೀಬೋ ಒಪ್ಪಂದದಲ್ಲಿಯೇ ಬರೆಸಿದ. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಹುಡುಗ ಓದುತ್ತಿದ್ದ. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಓದಿದ್ದು ಹಾಗೆಯೇ. ಅವನೇ ಮೈಕೆಲ್ ಫ್ಯಾರಡೆ. ಅಪ್ರೆಂಟಿಸ್ ಅವಧಿ 1812ರಲ್ಲಿ ಮುಗಿಯಿತು, ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯ ಸೇರಿದ. ಇವತ್ತು ನಮ್ಮ ಮನೆಯಲ್ಲಿ ತಿರುಗುವ ಫ್ಯಾನಿನ ಮೋಟಾರಿನ ಹಿಂದೆ ಅವನ ಪ್ರಯೋಗಗಳಿವೆ.

ಅವಧಿ ಮುಗಿಸಿದವನಿಗೆ 'ಜರ್ನಿಮನ್' ಎನ್ನುತ್ತಿದ್ದರು. ಜರ್ನಿ ಅಂದರೆ ಪ್ರಯಾಣ ಎಂದುಕೊಂಡು ಊರೂರು ಅಲೆಯುವವನು ಎಂದು ಅರ್ಥ ಮಾಡುವುದುಂಟು. ಅದು ತಪ್ಪು. ಫ್ರೆಂಚಿನಲ್ಲಿ 'ಜುರ್ನೆ' ಎಂದರೆ ಒಂದು ದಿನ. ದಿನಗೂಲಿ ಪಡೆಯುವ ಹಕ್ಕು ಬಂದವನು ಜರ್ನಿಮನ್. ಅವನು ತಾನೇ ಯಜಮಾನನಾಗಬೇಕಾದರೆ ಕಸುಬಿನ ಸಂಘದ ಮುಂದೆ ಒಂದು ಕೃತಿ ಮಾಡಿ ಒಪ್ಪಿಸಬೇಕಿತ್ತು. ಅದೇ 'ಮಾಸ್ಟರ್‌ಪೀಸ್'. ಇವತ್ತು ಸಿನಿಮಾಕ್ಕೂ ಕಾದಂಬರಿಗೂ ಉದಾರವಾಗಿ ಬಳಸುವ ಆ ಮಾತು ಮೊದಲು ಪರೀಕ್ಷೆಗೆ ಒಪ್ಪಿಸಿದ ಬೀಗವೋ ಕುರ್ಚಿಯೋ ಆಗಿತ್ತು.

ಕಲ್ಯಾಣದಲ್ಲಿ ಬರೆದಿಟ್ಟ ವ್ಯತ್ಯಾಸ

ಒಪ್ಪಂದದ ಮೇಲೆ ಕಸುಬು ಕಲಿಯುವುದು ಬ್ರಿಟಿಷರು ತಂದದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಚಾರಕ್ಕೆ ಅದು ದೇಶವಿಡೀ ಹೆಸರಾಯಿತು. ಆದರೆ ಅದರಲ್ಲಿ ಕೆಲಸಗಾರರ ಬಗ್ಗೆಯೂ ಒಂದು ಭಾಗವಿದೆ. ಅಲ್ಲಿ ವೇದವಿದ್ಯೆ ಕಲಿಯುವವನು 'ಶಿಷ್ಯ', ಶಿಲ್ಪ ಎಂದರೆ ಕಸುಬು ಕಲಿಯುವವನು 'ಅಂತೇವಾಸಿ', ಹಣಕ್ಕಾಗಿ ಕೆಲಸ ಮಾಡುವವನು 'ಭೃತಕ' ಎಂದು ಮೂವರನ್ನೂ ಬೇರೆ ಬೇರೆ ಇಟ್ಟಿದ್ದಾರೆ.

ಅಂತೇವಾಸಿ ಅಂದರೆ ಹತ್ತಿರ ವಾಸಿಸುವವನು. ಇವನೇ ಅಪ್ರೆಂಟಿಸ್. ಯಾಜ್ಞವಲ್ಕ್ಯನ ನಿಯಮ ಹೀಗೆ: ಕಸುಬು ಬೇಗ ಕಲಿತುಬಿಟ್ಟರೂ ಗೊತ್ತು ಮಾಡಿಕೊಂಡ ಕಾಲದವರೆಗೆ ಅಂತೇವಾಸಿ ಗುರುವಿನ ಮನೆಯಲ್ಲಿಯೇ ಇರಬೇಕು, ಗುರು ಊಟ ಕೊಡಬೇಕು, ದುಡಿಮೆಯ ಫಲ ಗುರುವಿಗೆ ಸೇರಬೇಕು. ಗುರುವಿನ ಕಡೆಯ ಕಟ್ಟುಪಾಡನ್ನು ನಾರದ ಸ್ಮೃತಿ ಹೇಳುತ್ತದೆ: ಮನೆಯಲ್ಲಿಟ್ಟುಕೊಂಡು ಊಟ ಹಾಕಿ ಕಲಿಸಬೇಕು, ಬೇರೆ ಕೆಲಸ ಮಾಡಿಸಕೂಡದು, ಮಗನಂತೆ ಕಾಣಬೇಕು.

'ಬೇರೆ ಕೆಲಸ ಮಾಡಿಸಕೂಡದು' ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಇಂದಿನ ಕಾಯ್ದೆಯಲ್ಲಿ ಅದು ಮತ್ತೆ ಬರುತ್ತದೆ.

ಪದಕ್ಕೆ ಮಸಿ ಬಳಿದ ಕಾಲ

ಒಳ್ಳೆಯ ಪದವನ್ನು ಕೆಟ್ಟ ಕೆಲಸಕ್ಕೆ ಮುಸುಕಾಗಿ ಬಳಸಿದ್ದೂ ಉಂಟು. ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ರದ್ದು ಮಾಡಿತು. ಆದರೆ 1834ರ ಆಗಸ್ಟ್ 1ರಂದು ಕೆರಿಬಿಯನ್ ದ್ವೀಪಗಳ ಬಹುಪಾಲು ಗುಲಾಮರು ಬಿಡುಗಡೆಯಾಗಲಿಲ್ಲ, 'ಅಪ್ರೆಂಟಿಸ್' ಆದರು. 6 ವರ್ಷ ದಾಟಿದ ಎಲ್ಲರೂ ಹಳೆಯ ಒಡೆಯನ ಬಳಿಯೇ, ಹೊಲದ ಕೆಲಸದವರಾದರೆ ವಾರಕ್ಕೆ 45 ಗಂಟೆಯವರೆಗೆ, ಕೂಲಿಯಿಲ್ಲದೆ ದುಡಿಯಬೇಕಿತ್ತು. ಸ್ವತಂತ್ರರಾಗಿ ಬದುಕುವುದನ್ನು ಇವರು ಕಲಿಯುತ್ತಿದ್ದಾರೆ ಎಂಬುದು ಕೊಟ್ಟ ಕಾರಣ. ಜೀವಮಾನವಿಡೀ ಕಬ್ಬು ಕಡಿದವನಿಗೆ ಕಬ್ಬು ಕಡಿಯುವುದನ್ನು ಇನ್ನೇನು ಕಲಿಸುವುದಿತ್ತು? ತೀವ್ರ ವಿರೋಧ ಬಂದು 1838ರ ಆಗಸ್ಟ್ 1ಕ್ಕೆ ಆ ಏರ್ಪಾಟು ನಿಂತಿತು.

ಹಲ್ಲಿನ ಅಂಚಿನ ಕಾಗದದ ಹೆಸರೂ ಹೀಗೆಯೇ ಕೆಟ್ಟಿತು. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು 36 ಭಾರತೀಯ ಕೂಲಿಗಳನ್ನು ಮಾರಿಷಸ್‌ಗೆ ಇಳಿಸಿತು. ಮುಂದೆ ಲಕ್ಷಾಂತರ ಜನ ಹೀಗೆ ಇಂಡೆಂಚರ್ ಮೇಲೆ ಸಾಗರ ದಾಟಿದರು. ಆ 'ಅಗ್ರಿಮೆಂಟ್' ಅವರ ಬಾಯಲ್ಲಿ 'ಗಿರ್ಮಿಟ್' ಆಗಿ, ಅವರು ಗಿರ್ಮಿಟಿಯಾಗಳಾದರು. ಅಪ್ರೆಂಟಿಸ್ ಇಂಡೆಂಚರಿನ ಕೊನೆಯಲ್ಲಿ ಒಂದು ಕಸುಬು ಕೈಯಲ್ಲಿರುತ್ತಿತ್ತು. ಇದರಲ್ಲಿ ಬರೀ ದುಡಿಮೆ ಇತ್ತು.

ಹಳೆಯ ಈ ಕತೆಯನ್ನು ನಾನು ಹುಡುಗರಿಗೆ ಹೇಳುವುದಕ್ಕೆ ಕಾರಣವಿದೆ. ಕಲಿಸುವುದು ಇಲ್ಲದೆ ಹೆಸರು ಮಾತ್ರ ಇದ್ದರೆ ಅದು ಅಗ್ಗದ ಕೂಲಿ. ಒಂದು ಜಾಗದಲ್ಲಿ ನಡೆಯುತ್ತಿರುವುದು ಯಾವುದು ಎಂದು ಗುರುತಿಸಲು ಒಪ್ಪಂದದಲ್ಲಿ ಬರೆದ ಟ್ರೇಡ್, ಅಂದರೆ ಕಸುಬು, ಯಾವುದು, ದಿನವೂ ಕೈಗೆ ಬರುತ್ತಿರುವ ಕೆಲಸ ಯಾವುದು ಎಂದು ಪಕ್ಕಪಕ್ಕ ಇಟ್ಟು ನೋಡಬೇಕು.

ನಮ್ಮ ಕಾಯ್ದೆ ಏನನ್ನುತ್ತದೆ

ಭಾರತದಲ್ಲಿ ಇದಕ್ಕೆ ಆಧಾರ 1961ರ ಅಪ್ರೆಂಟಿಸಸ್ ಕಾಯ್ದೆ. ರೈಲ್ವೆಯವರು 'ಆಕ್ಟ್ ಅಪ್ರೆಂಟಿಸ್' ಎನ್ನುವುದು ಈ ಆಕ್ಟ್‌ನ ಅಡಿ ಬಂದವನು ಎಂಬ ಅರ್ಥದಲ್ಲಿ. ಕಾಯ್ದೆಯ ಪ್ರಕಾರ ಒಪ್ಪಂದಕ್ಕೆ ಒಳಪಟ್ಟು ತರಬೇತಿ ಪಡೆಯುತ್ತಿರುವವನು ಅಪ್ರೆಂಟಿಸ್. ಕನಿಷ್ಠ ವಯಸ್ಸು 14, ಅಪಾಯಕಾರಿ ಉದ್ಯಮಗಳಲ್ಲಿ 18. ಹುಡುಗ ಅಪ್ರಾಪ್ತನಾಗಿದ್ದರೆ ಪೋಷಕರು ಸಹಿ ಹಾಕಬೇಕು. ಒಪ್ಪಂದ ಇಬ್ಬರ ನಡುವೆ ಮುಗಿಯುವುದಿಲ್ಲ, ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರರಲ್ಲಿ ನೋಂದಣಿಯಾಗಬೇಕು. ಈಗ ಅದು ಪೋರ್ಟಲ್‌ನಲ್ಲಿ ಆಗುತ್ತದೆ.

ಕಂಪನಿಗಳು ಇಷ್ಟವಿದ್ದರೆ ತೆಗೆದುಕೊಳ್ಳುತ್ತವೆ, ಇಲ್ಲದಿದ್ದರೆ ಇಲ್ಲ ಎಂಬ ನಂಬಿಕೆಯೂ ಸರಿಯಲ್ಲ. 2019ರಲ್ಲಿ ತಿದ್ದಿದ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆ ನೌಕರರನ್ನೂ ಸೇರಿಸಿದ ಒಟ್ಟು ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಐಚ್ಛಿಕ.

ಆ ತಂದೆಯ ಪ್ರಶ್ನೆಗೆ ಉತ್ತರ ಇರುವುದು 18ನೇ ಸೆಕ್ಷನ್ನಿನಲ್ಲಿ. ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ಅಂತೇವಾಸಿಯೇ ಬೇರೆ, ಭೃತಕನೇ ಬೇರೆ ಎಂಬ ಕಲ್ಯಾಣದ ಮಾತು ಇಲ್ಲಿ ಮತ್ತೆ ಬಂತು ನೋಡಿ. ಪಿ.ಎಫ್. ಇಲ್ಲ, ಇಎಸ್‌ಐ ಇಲ್ಲ. ಬರುವ ಹಣವೂ ಸಂಬಳವಲ್ಲ, 'ಸ್ಟೈಪೆಂಡ್'. ಕನ್ನಡದ ಆದೇಶಗಳಲ್ಲಿ ಅದನ್ನು ಶಿಷ್ಯವೇತನ ಎನ್ನುತ್ತಾರೆ, ತುಂಬ ಸರಿಯಾದ ಪದ.

ಹಾಗಂತ ಕಾನೂನು ಹುಡುಗನನ್ನು ನಡುನೀರಿನಲ್ಲಿ ಬಿಟ್ಟಿಲ್ಲ. ಕಾರ್ಖಾನೆಯಲ್ಲಿದ್ದರೆ ಆರೋಗ್ಯ, ಸುರಕ್ಷತೆ, ಕಲ್ಯಾಣದ ನಿಯಮಗಳು ಕಾರ್ಮಿಕರಿಗೆ ಇರುವಂತೆಯೇ ಅವನಿಗೂ ಇವೆ. ತರಬೇತಿಯಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು. ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಇಷ್ಟು ಪೀಸ್‌ಗೆ ಇಷ್ಟು ಎಂದು ಲೆಕ್ಕ ಹಾಕಿ ಹಣ ಕೊಡುವಂತಿಲ್ಲ, ಏಕೆಂದರೆ ಪೀಸ್ ಎಣಿಸಲು ಶುರುಮಾಡಿದ ಹುಡುಗ ಕಲಿಯುವುದನ್ನು ಬಿಟ್ಟು ಓಡುತ್ತಾನೆ. ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚಿದರೆ ಅದು ಅಪರಾಧ, ಮಾಲೀಕನಿಗೆ ದಂಡ. ನಾರದ ಸ್ಮೃತಿಯ ಮಾತು ನೆನಪಾಯಿತಲ್ಲವೇ? ಫಿಟ್ಟರ್ ಎಂದು ಒಪ್ಪಂದ ಮಾಡಿಕೊಂಡು ತಿಂಗಳುಗಟ್ಟಲೆ ಲೋಡಿಂಗ್ ಮಾಡಿಸಿದರೆ, ಟೀ ತರಿಸಿದರೆ, ಹುಡುಗ ಸುಮ್ಮನಿರಬೇಕಾಗಿಲ್ಲ. ಒಪ್ಪಂದದ ತಕರಾರನ್ನು ಸಲಹೆಗಾರರ ಮುಂದೆ ಇಡಬಹುದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿಗೂ ದಾರಿಯಿದೆ.

ಮಾಲೀಕ ತನ್ನ ಮಾತು ತಪ್ಪಿ ಒಪ್ಪಂದ ಮುರಿದರೆ ಹುಡುಗನಿಗೆ ಪರಿಹಾರ ಕೊಡಬೇಕು. ಹುಡುಗ ತಾನಾಗಿ ಅರ್ಧಕ್ಕೆ ಬಿಟ್ಟರೆ ತರಬೇತಿಯ ವೆಚ್ಚ ತುಂಬಿಕೊಡಬೇಕಾಗಬಹುದು. ಇದನ್ನು ಮನೆಯವರಿಗೆ ಯಾರೂ ಹೇಳಿರುವುದಿಲ್ಲ.

ಹಣದ ಲೆಕ್ಕ

2019ರ ನಿಯಮದಲ್ಲಿ ನಿಗದಿಯಾದ ತಿಂಗಳ ಕನಿಷ್ಠ ಶಿಷ್ಯವೇತನ 5ರಿಂದ 9ನೇ ತರಗತಿ ಓದಿದವರಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿಗೆ 6,000, ಪಿಯುಸಿ ಮತ್ತು ಐಟಿಐಗೆ 7,000, ಡಿಪ್ಲೊಮಾಕ್ಕೆ 8,000, ಪದವಿಗೆ 9,000. ಎರಡನೇ, ಮೂರನೇ ವರ್ಷ ಸ್ವಲ್ಪ ಏರುತ್ತದೆ. ಇದು ಕನಿಷ್ಠ, ಸಂಸ್ಥೆ ಹೆಚ್ಚು ಕೊಡಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು ಶೇ. 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿತು. ನಿಮ್ಮ ಒಪ್ಪಂದದಲ್ಲಿ ಬರೆದ ಅಂಕಿಯೇ ನಿಮಗೆ ಅನ್ವಯ, ಅದನ್ನು ನೋಡಿಕೊಳ್ಳಿ.

ಈ ಹಣದಲ್ಲಿ ಸರ್ಕಾರದ ಪಾಲೂ ಇರುತ್ತದೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸರ್ಕಾರ ಶೇ. 25, ಗರಿಷ್ಠ 1,500 ರೂಪಾಯಿ ಭರಿಸುತ್ತದೆ. ಮೊದಲು ಇದು ಕಂಪನಿಗೆ ಹೋಗುತ್ತಿತ್ತು, 2023ರಿಂದ ನೇರ ಹುಡುಗನ ಖಾತೆಗೆ ಬರುತ್ತದೆ. ಹೀಗಾಗಿ ಕಂಪನಿಯಿಂದ ಪೂರ್ತಿ ಬರಲಿಲ್ಲ ಎಂದು ಗಾಬರಿಯಾಗುವ ಮೊದಲು ಎರಡು ಕಡೆಯ ಜಮೆಯನ್ನೂ ಕೂಡಿಸಿ ನೋಡಿ. ಪದವಿ, ಡಿಪ್ಲೊಮಾದವರ ಯೋಜನೆ ಬೇರೆ. ದಕ್ಷಿಣದ ರಾಜ್ಯಗಳಿಗೆ ಅದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ.

ಟ್ರೈನಿ, ಇಂಟರ್ನ್, ಪ್ರೊಬೇಷನರ್

ಪತ್ರಗಳಲ್ಲಿ ಈ ಮೂರೂ ಪದಗಳು ಅಕ್ಕಪಕ್ಕ ಓಡಾಡುವುದರಿಂದ ಗೊಂದಲ ಸಹಜ. ಮದುವೆಯ ಮಾತಿನಲ್ಲಿ ಹೇಳುವುದಾದರೆ ಪ್ರೊಬೇಷನರ್ ತಾಳಿ ಕಟ್ಟಿಸಿಕೊಂಡು ಮನೆಗೆ ಬಂದವನು, ಎಲ್ಲರ ಕಣ್ಣು ಮೇಲಿದೆ ಅಷ್ಟೆ. ಅವನು ನೌಕರ, ಸಂಬಳವಿದೆ, ಪರೀಕ್ಷಾವಧಿ ಮುಗಿದರೆ ಖಾಯಂ. ಇಂಟರ್ನ್ ಮನೆ ನೋಡಿಕೊಂಡು ಹೋಗಲು ಬಂದವನು. ಆ ಪದ ಆಸ್ಪತ್ರೆಯ ಒಳಗೇ ಉಳಿದು ಕಲಿಯುವ ಕಿರಿಯ ವೈದ್ಯರಿಂದ ಬಳಕೆಗೆ ಬಂತು. ಈಗ ಓದಿನ ನಡುವೆಯೋ ಕೊನೆಯಲ್ಲೋ ಕೆಲಸದ ಪರಿಚಯ ಮಾಡಿಕೊಳ್ಳುವ ಎಲ್ಲರಿಗೂ ಅನ್ವಯಿಸುತ್ತಾರೆ. 2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಅಪ್ರೆಂಟಿಸ್ ಕಾಯ್ದೆಯೂ ಒಂದೇ ಅಲ್ಲ.

ಟ್ರೈನಿ ಎಂಬುದು ಇವುಗಳಲ್ಲೆಲ್ಲ ಜಾರುವ ಪದ. ಅದಕ್ಕೆ ಒಂದೇ ಅರ್ಥವಿಲ್ಲ. ಕೆಲವು ಕಡೆ ಟ್ರೈನಿ ಎಂದರೆ ಖಾಯಂ ಆಗಲಿರುವ ನೌಕರ, ಕೆಲವು ಕಡೆ ಯಾವ ಕಾಯ್ದೆಯ ರಕ್ಷಣೆಯೂ ಗಟ್ಟಿಯಾಗಿ ಇಲ್ಲದ ಕಡಿಮೆ ಸಂಬಳದ ದುಡಿಮೆ. 'ಟ್ರೈನಿ' ಎಂದಷ್ಟೇ ಬರೆದಿದ್ದರೆ ಯಾವ ಕಾಯ್ದೆಯಡಿ ಎಂದು ಕೇಳಿ. ಇನ್ನು ಲೆಕ್ಕ ಪರಿಶೋಧಕರಾಗಲು ಓದುವವರು ಮಾಡುವ 'ಆರ್ಟಿಕಲ್‌ಶಿಪ್' ಅಪ್ರೆಂಟಿಸ್‌ಶಿಪ್‌ನ ಸಗೋತ್ರ. ಆರ್ಟಿಕಲ್ಸ್ ಅಂದರೆ ಒಪ್ಪಂದದ ಕಲಮುಗಳು.

ಅಧಿಸೂಚನೆ ಓದುವಾಗ ಇನ್ನೊಂದು ಗುರುತು. ನೌಕರಿಗೆ ಕರೆದರೆ 'ರಿಕ್ರೂಟ್‌ಮೆಂಟ್' ಎಂದಿರುತ್ತದೆ. ಅಪ್ರೆಂಟಿಸ್‌ಗೆ ಕರೆದರೆ ಸಾಮಾನ್ಯವಾಗಿ 'ಎಂಗೇಜ್‌ಮೆಂಟ್' ಎಂದಿರುತ್ತದೆ. ಆ ಒಂದು ಪದವನ್ನು ಗಮನಿಸದೆ 'ರೈಲ್ವೆಯಲ್ಲಿ ಸಾವಿರಾರು ಹುದ್ದೆ' ಎಂದು ವಾಟ್ಸ್ಯಾಪಿನಲ್ಲಿ ಹರಿಬಿಡುವುದರಿಂದಲೇ ಎಷ್ಟೋ ಮನೆಗಳಲ್ಲಿ ಸುಳ್ಳು ಆಸೆ ಹುಟ್ಟುತ್ತದೆ.

ಕನ್ನಡದಲ್ಲಿ ಏನನ್ನೋಣ

ಇಂಗ್ಲಿಷಿನಲ್ಲಿ ಅಪ್ರೆಂಟಿಸ್ ಎಂದರೆ ಆಸಾಮಿ, ಅಪ್ರೆಂಟಿಸ್‌ಶಿಪ್ ಎಂದರೆ ಅವನು ಇರುವ ಸ್ಥಿತಿ ಅಥವಾ ತರಬೇತಿ. ನಮ್ಮ ಮಾತಿನಲ್ಲಿ ಎರಡೂ ಒಂದಾಗಿವೆ. "ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಮಾಡ್ತಿದೀನಿ" ಎಂದು ಹುಡುಗರು ಸಲೀಸಾಗಿ ಹೇಳುತ್ತಾರೆ. ಕನ್ನಡದ ಮಾತಿಗೆ ಅದರಿಂದ ತೊಂದರೆಯಿಲ್ಲ, ಆದರೆ ಇಂಗ್ಲಿಷಿನ ಬಯೋಡೇಟಾದಲ್ಲಿ ಹಾಗೇ ಬರೆದರೆ ತಪ್ಪಾಗುತ್ತದೆ. ಅಲ್ಲಿ ತರಬೇತಿಯ ಹೆಸರಿನ ಕೊನೆಗೆ 'ಶಿಪ್' ಬರಲೇಬೇಕು.

ಸರ್ಕಾರಿ ಕನ್ನಡದಲ್ಲಿ 'ಶಿಶಿಕ್ಷು' ಎಂಬ ಪದವಿದೆ. ಪತ್ರಿಕೆಗಳಲ್ಲಿ ಕೆಲವೊಮ್ಮೆ 'ಶಿಶುಕ್ಷು' ಎಂದೂ ಅಚ್ಚಾಗುತ್ತದೆ, ಶಿಶುವಿಗೂ ಅದಕ್ಕೂ ಸಂಬಂಧವಿಲ್ಲ. ಮೋಕ್ಷ ಬಯಸುವವನು ಮುಮುಕ್ಷು, ತಿಳಿಯಬಯಸುವವನು ಜಿಜ್ಞಾಸು, ಕಲಿಯಬಯಸುವವನು ಶಿಶಿಕ್ಷು. ಇದರ ಒಳಗಿರುವ 'ಶಿಕ್ಷ್' ಧಾತುವೇ 'ಶಕ್' ಎಂಬುದರಿಂದ ಬಂದದ್ದು. ಶಕ್ತಿ, ಶಕ್ಯ ಎನ್ನುವಲ್ಲಿ ಇರುವುದು ಅದೇ. ಅಂದರೆ ಶಿಕ್ಷಣದ ಬುಡದಲ್ಲಿ ಇರುವುದು 'ನನ್ನಿಂದ ಆಗಬೇಕು' ಎಂಬ ಬಯಕೆ. ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ ಎಂಬ ಅರ್ಥವೇ ಗಟ್ಟಿಯಾದದ್ದು ನನಗೆ ಯಾವಾಗಲೂ ಬೇಸರದ ಸಂಗತಿ.

ಇನ್ನೊಂದು ಹಳೆಯ ಪದ 'ಉಮೇದುವಾರ'. ಫಾರಸಿಯಲ್ಲಿ ಉಮೇದು ಎಂದರೆ ಆಸೆ, ಭರವಸೆ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ, ಮುಂದೆ ಜಾಗ ಖಾಲಿಯಾದರೆ ಸಿಕ್ಕೀತು ಎಂಬ ಆಸೆಯಿಂದ ಸಂಬಳವಿಲ್ಲದೆ ಬರೆಯುತ್ತ ಕೂರುವವರನ್ನು ಹೀಗೆ ಕರೆಯುತ್ತಿದ್ದರು. ಕನ್ನಡದಲ್ಲಿ ಈಗ ಅದು ಚುನಾವಣೆಗೆ ನಿಂತವನೋ ಕೆಲಸಕ್ಕೆ ಅರ್ಜಿ ಹಾಕಿದವನೋ ಆಗಿದೆ. ಪಕ್ಕದ ಮರಾಠಿಯಲ್ಲಿ ಇಂದಿಗೂ ಉಮೇದವಾರಿ ಎಂದರೆ ಅಪ್ರೆಂಟಿಸ್‌ಶಿಪ್ ಎಂಬ ಅರ್ಥವೂ ಉಂಟು. ಬಾಯಿಮಾತಿಗೆ ನಾನು ಅಪ್ರೆಂಟಿಸ್ ಎಂದೇ ಹೇಳುತ್ತೇನೆ, ಹುಡುಗರಿಗೆ ತಿಳಿಯುವುದು ಅದೇ.

ಮುಗಿದ ಮೇಲೆ

ಅವಧಿ ಮುಗಿದ ಮೇಲೆ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ದೇಶದ ಯಾವ ಮೂಲೆಯಲ್ಲಾದರೂ ಇದು ನಡೆಯುತ್ತದೆ. ಅದೇ ಸಂಸ್ಥೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವಿಲ್ಲ. 2014ರ ತಿದ್ದುಪಡಿಯ ನಂತರ ಪ್ರತಿ ಸಂಸ್ಥೆಯೂ ತನ್ನಲ್ಲಿ ತರಬೇತಿ ಮುಗಿಸಿದವರನ್ನು ನೇಮಿಸುವ ಬಗ್ಗೆ ತನ್ನದೇ ನೀತಿ ಮಾಡಿಕೊಳ್ಳಬೇಕು. ಒಂದು ವೇಳೆ 'ಮುಗಿದ ಮೇಲೆ ಇಲ್ಲಿಯೇ ದುಡಿಯಬೇಕು' ಎಂಬ ಷರತ್ತು ಒಪ್ಪಂದದಲ್ಲಿದ್ದರೆ ಮಾತ್ರ ಮಾಲೀಕ ಕೆಲಸ ಕೊಡಲೂ ಹುಡುಗ ದುಡಿಯಲೂ ಕಟ್ಟುಬಿದ್ದಿರುತ್ತಾರೆ.

1995ರಲ್ಲಿ ಸುಪ್ರೀಂ ಕೋರ್ಟು ಉತ್ತರಪ್ರದೇಶದ ಸಾರಿಗೆ ನಿಗಮದ ಅಪ್ರೆಂಟಿಸ್‌ಗಳ ಮೊಕದ್ದಮೆಯಲ್ಲಿ ಮಹತ್ವದ ಮಾತು ಹೇಳಿತು: ಉಳಿದೆಲ್ಲ ಸಮನಾಗಿದ್ದರೆ, ತರಬೇತಿ ಪಡೆದ ಅಪ್ರೆಂಟಿಸ್‌ಗೆ ನೇರವಾಗಿ ಬಂದವನಿಗಿಂತ ಆದ್ಯತೆ ಕೊಡಬೇಕು. ಆದ್ಯತೆ ಎಂದರೆ ಹಕ್ಕಲ್ಲ. ತಕ್ಕಡಿ ಸಮ ನಿಂತಾಗ ಮೇಲೆ ಇಡುವ ಒಂದು ಗುಂಡು. ರೈಲ್ವೆಯಲ್ಲಿ ಲೆವೆಲ್-1, ಅಂದರೆ ಕೆಳಗಿನ ಹಂತದ ಹುದ್ದೆಗಳ ಶೇ. 20ರಷ್ಟನ್ನು ತರಬೇತಿ ಮುಗಿಸಿದ ಆಕ್ಟ್ ಅಪ್ರೆಂಟಿಸ್‌ಗಳಿಗೆ ಮೀಸಲಿಟ್ಟಿದ್ದಾರೆ. ಆದರೂ ನೇಮಕಾತಿಯ ಪರೀಕ್ಷೆ ಬರೆಯಲೇಬೇಕು. ಅಪ್ರೆಂಟಿಸ್ ಆಗುವಾಗ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ ಸಲೀಸಾಗಿ ಒಳಗೆ ಹೋದವರು, ಈ ಎರಡನೇ ಬಾಗಿಲಿಗೆ ಪರೀಕ್ಷೆಯ ಬೀಗವಿದೆ ಎಂಬುದನ್ನು ಮರೆಯುತ್ತಾರೆ. ಅಪ್ರೆಂಟಿಸ್ ಮಾಡುವ ವರ್ಷದಲ್ಲೇ ಸಂಜೆ ಒಂದೆರಡು ಗಂಟೆ ಓದಿಕೊಂಡವರು ಅದನ್ನು ದಾಟುವುದನ್ನು ನೋಡಿದ್ದೇನೆ.

ಆ ರೈತರಿಗೆ ಇಷ್ಟನ್ನೂ ಕೂತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಂಗಾದ್ರೆ ಒಂದು ವರ್ಷ ಕಲಿಯಾಕೆ ಹೋಗ್ತಾನೆ ಅನ್ರಿ" ಎಂದರು. ಹೌದು ಎಂದೆ. ಸಿಹಿ ಡಬ್ಬಿಯನ್ನು ವಾಪಸ್ ಒಯ್ಯಲಿಲ್ಲ.

ತಿಂಗಳ ಮೇಲೆ ಹುಡುಗ ಫೋನ್ ಮಾಡಿದ. "ಸಾರ್, ಇಲ್ಲೂ ಮತ್ತೆ ಅರಾನೇ ಹಿಡಿಸಿದ್ದಾರೆ. ನಮ್ಮ ಮೇಸ್ತ್ರಿ ಮೂವತ್ತು ವರ್ಷ ಸರ್ವಿಸ್‌ನವರು. ಅವರು ಉಜ್ಜಿದ್ದಕ್ಕೆ ಮಟ್ಟ ಇಟ್ರೆ ಒಂದು ಚೂರೂ ಬೆಳಕು ಬರಲ್ಲ."

"ನಿಂದ್ರಲ್ಲಿ?"

"ಒಂದು ಮೂಲೇಲಿ ಇನ್ನೂ ಸೋರ್ತಿದೆ ಸಾರ್."